ಕೊಸರು ಕೊಡದ ಮೇಷ್ಟ್ರು

ನಮ್ಮ ಮಾಗಡಿಯಲ್ಲಿ ಕಂಪ್ಯೂಟರಿಗೇ ಬುದ್ಧಿ ಹೇಳುವ ಗಂಡಸೆಂದರೆ ಪಂಚಾಕ್ಷರಿ ಮೇಷ್ಟ್ರು ಒಬ್ಬರೇ. ಅಲ್ಲ ಎನ್ನುವವರು ಅವರ ಮಹಡಿ ಕ್ಲಾಸಿಗೆ ಬಂದು ನೋಡಲಿ. ಪ್ರೋಗ್ರಾಮಿಂಗ್ ಕಲಿಯಲು ಬಂದ ಮಕ್ಕಳ ಮುಂದೆ ಅವರು ಮೊದಲು ಇಡುವುದು ಐದು ಸ್ಟೀಲ್ ಲೋಟ, ಒಂದು ಡಬ್ಬಿ ರಾಗಿ. ಲೋಟಗಳ ಮೇಲೆ ಸೊನ್ನೆಯಿಂದ ನಾಲ್ಕರವರೆಗೆ ನಂಬರು. "ಇದೇ ಅರೇ ಕಣ್ರಪ್ಪ, ಕಂಪ್ಯೂಟರ್ ಒಳಗಿರೋ ನಂಬರ್ ಹಾಕಿದ್ ಡಬ್ಬಿ ಸಾಲು. ಒಂದೇ ಕೆಲ್ಸನ ನಂಬರ್ ಪ್ರಕಾರ ತಿರ್ಗಾ ತಿರ್ಗಾ ಮಾಡ್ಸೋದು ಲೂಪು. ನೀವು ಬರ್ದಿರೋ ಲೂಪ್ ಹೇಳ್ದಂಗೇ ರಾಗಿ ಉಯ್ಯಿರಿ" ಎನ್ನುತ್ತಾರೆ. ಸಂತೆಯಲ್ಲಿ ಅಳತೆ ಮುಗಿದ ಮೇಲೂ ಒಂದು ಹಿಡಿ ಕೊಸರು ಹಾಕಿಸಿಕೊಂಡು ಬೆಳೆದ ಮಕ್ಕಳು ಅವರು. ಲೂಪನ್ನು ನಾಲ್ಕಕ್ಕೆ ನಿಲ್ಲಿಸದೆ ಐದರವರೆಗೂ ಓಡಿಸಿಯೇ ತೀರುತ್ತಾರೆ. ಇಲ್ಲದ ಲೋಟಕ್ಕೆ ಸುರಿದ ರಾಗಿ ನೆಲದ ಪಾಲಾಗುತ್ತದೆ. "ಐದನೇ ನಂಬರ್ ಲೋಟ ಎಲ್ಲೈತ್ಲಾ? ಕೊಸರು ಹಾಕಾಕೆ ಇದೇನು ಸಂತೆಯೇನ್ಲಾ? ಆಯ್ಕೊ, ಒಂದ್ ಕಾಳೂ ಬುಡ್ದಂಗೆ!" ಎಂದು ಮೇಷ್ಟ್ರು ಗುಡುಗುತ್ತಾರೆ. ಹಾಗೆ ನೆಲದಿಂದ ರಾಗಿ ಆಯ್ದವರು ಮತ್ತೆಂದೂ ಆ ತಪ್ಪು ಮಾಡಿದ್ದಿಲ್ಲ. ಪಾಠದುದ್ದಕ್ಕೂ ಮೇಷ್ಟ್ರು ನಿಂತೇ ಇರುತ್ತಾರೆ. ಕೂತ್ಕೊಳ್ಳಿ ಎಂದರೆ, "ಕೂತ್ಕಂಡ್ ಹೇಳಿದ್ ಪಾಠ ತಲೆಗತ್ತಾಕಿಲ್ಲ" ಎಂದು ಮೀಸೆ ತಿರುವುತ್ತಾರೆ. ನಾನೂ ಅದನ್ನೇ ನಂಬಿದ್ದೆ. ಈ ಸಲ ಬ್ಯಾಚು ತುಂಬಿ, ಒಂದು ಸೀಟೂ ಇಲ್ಲವೆಂದು ಬೋರ್ಡು ಹಾಕಿದ ಮೇಲೆ, ಸೋಲೂರಿನ ಕುರಿ ಸಾಕುವ ಮನೆಯ ಅನುಷಾ ಬಂದು ಬಾಗಿಲಲ್ಲಿ ನಿಂತಳು. ಮೇಷ್ಟ್ರು ತಮ್ಮ ಕುರ್ಚಿಯನ್ನೇ ಎಳೆದು, ತಮ್ಮ ಕಂಪ್ಯೂಟರಿನ ಮುಂದೆ ಅವಳನ್ನು ಕೂರಿಸಿದರು. ರಾಗಿ ಆಯುತ್ತಿದ್ದ ಹುಡುಗ ತಲೆಯೆತ್ತಿ, "ಸಾ, ಇದು ಕೊಸರಲ್ವಾ?" ಎಂದ. "ಊಂ ಕಣ್ಲಾ," ಎಂದರು ಮೇಷ್ಟ್ರು, ನಿಂತಲ್ಲೇ ಎದೆಯುಬ್ಬಿಸಿ, "ಪ್ರತಿ ಬ್ಯಾಚಲ್ಲೂ ಒಂದೈತೆ."