ಮೇಜಿನ ಮೇಲಿನ ಚಾಳ

ಶೇಖಪ್ಪನ ಕೈಗಳಿಗೆ ಸುಮ್ಮನಿರುವುದು ಗೊತ್ತೇ ಇರಲಿಲ್ಲ. ದಾಂಡೇಲಿಯ ಮಿಲ್ಲಿನಲ್ಲಿ ಪಾಳಿ ಮುಗಿಸಿ ಬಂದವನು ಚಹಾ ಕುಡಿದು ನೇರ ಮೇಜಿಗೆ ಹೋಗುತ್ತಿದ್ದ. ಮೇಜಿನ ಮೇಲೆ ಅವನ ಚಾಳವಿತ್ತು. ತಾನು ಬಾಡಿಗೆಗಿದ್ದ ಮನೆಗಳ ಸಾಲನ್ನೇ ರಟ್ಟು, ಕಡ್ಡಿ, ಸಾಗವಾನಿ ಚಕ್ಕೆಗಳಲ್ಲಿ ಕಟ್ಟಿ ನಿಲ್ಲಿಸಿದ್ದ. ಹೆಂಚು, ನಲ್ಲಿ, ಬಟ್ಟೆ ಒಣಹಾಕುವ ತಂತಿ, ಒಂದೊಂದು ಹೊಸ್ತಿಲ ಮುಂದೆ ಸೈಕಲ್ ಟ್ಯೂಬು ಕತ್ತರಿಸಿ ಮಾಡಿದ ಅಕ್ಕಿಕಾಳಿನಷ್ಟು ಚಪ್ಪಲಿಗಳು. ಯಾವ ಮನೆಯಲ್ಲಿ ಎಷ್ಟು ಜನವೋ ಅಷ್ಟೇ ಜೋಡಿ.

ಕಟ್ಟಿ ಮುಗಿಸಿದ್ದರೆ ಮಾತು ಬೇರೆ. ಅದು ಮುಗಿಯುತ್ತಲೇ ಇರಲಿಲ್ಲ. ಪಕ್ಕದ ಮನೆಯ ಜ್ಯೋತಿಬಾ ಬಾಗಿಲಿಗೆ ಹಸಿರು ಬಳಿದರೆ ಇಲ್ಲೂ ಹಸಿರು. ಕೊನೆಮನೆಯ ಗೋದುಬಾಯಿಗೆ ಸೊಸೆ ಬಂದರೆ ಇಲ್ಲೂ ಒಂದು ಜೋಡಿ ಹೆಚ್ಚು. ಚಾಳದವರು ಆಗಾಗ ಬಂದು ತಮ್ಮ ಮನೆ ಸರಿಯಿದೆಯೋ ಇಲ್ಲವೋ ನೋಡಿಕೊಂಡು ಹೋಗುತ್ತಿದ್ದರು. ನಾಲ್ಕು ವರ್ಷದ ಹಿಂದೆ ಮಗಳು ಲಕ್ಷ್ಮಿ ಹೇಳದೆ ಕೇಳದೆ ಹಳಿಯಾಳದ ಅಂತೋನಿಯನ್ನು ಮದುವೆಯಾಗಿ ಹೋದಳು. ಮರುದಿನ ರಟ್ಟಿನ ಚಾಳದಲ್ಲಿ ಶೇಖಪ್ಪನ ಹೊಸ್ತಿಲ ಮುಂದೆ ಎರಡೇ ಜೋಡಿ ಉಳಿದಿದ್ದವು. ಜನಕ್ಕೆ ಅರ್ಥವಾಗಲು ಅಷ್ಟು ಸಾಕಾಯಿತು. ಹೆಂಡತಿ ಸಿದ್ದಕ್ಕ ಅಂದಿನಿಂದ ಆ ಮೇಜಿನ ಧೂಳು ಒರೆಸುವುದನ್ನೇ ಬಿಟ್ಟಳು.

ಈ ವರ್ಷ ಹುಬ್ಬಳ್ಳಿಯ ಮಾದರಿಗಳ ಪ್ರದರ್ಶನಕ್ಕೆ ಕರೆ ಬಂತು. ವಿಮೆ ಇಲ್ಲದ್ದನ್ನು ಒಳಗೆ ಬಿಡುವುದಿಲ್ಲವೆಂಬ ಷರತ್ತೂ ಬಂತು. ತನ್ನ ಚಾಳವನ್ನು ಹೊರಗಿನ ಜನ ನೋಡಬೇಕೆಂದು ಜೀವಮಾನವೆಲ್ಲ ಹಂಬಲಿಸಿದವನು ಶೇಖಪ್ಪ. ವಿಮೆಯವರ ಕಡೆಯಿಂದ ಬೆಲೆ ಕಟ್ಟಲು ಕಿರಣಕುಮಾರ ಬಂದ.

"ಇದನ್ನ ಮತ್ತ ಮೊದಲಿಂದ ಮಾಡಬೇಕಂದ್ರ ಎಷ್ಟು ಖರ್ಚು ಬರತೈತ್ರೀ ಕಾಕಾ?"

"ರಟ್ಟು ಪುಕ್ಕಟ ಸಿಕ್ಕೀತು. ಆಗಿನ ಕಣ್ಣು ಎಲ್ಲಿಂದ ತರ್ಲಿ?"

ಕಿರಣಕುಮಾರ ತಲೆ ಕೆರೆದುಕೊಂಡು ಒಂದು ಬೆಲೆ ಬರೆದ. ಅದನ್ನು ಕೇಳಿದ ಸಿದ್ದಕ್ಕ, "ಹಂಗಾರ ಇದನ್ನ ಮಾರಿ ಖರೇ ಮನಿ ತಗೊಳ್ಳೂಣು" ಅಂದಳು. ಕಿರಣಕುಮಾರ ಮೂಲೆಮೂಲೆಯ ಫೋಟೋ ತೆಗೆದ.

"ಇನ್ನ ಮುಟ್ಟಬ್ಯಾಡ್ರಿ. ಸೋಮವಾರ ಗಾಡಿ ಬರೂಮುಂದ ನಾನೂ ಬರ್ತೇನಿ. ಫೋಟೋದಾಗ ಇದ್ದಂಗ ಇದ್ರಷ್ಟ ವಿಮೆ. ಬದಲಾತಂದ್ರ ಎಲ್ಲಾ ಮೊದಲಿಂದ ಆಗಬೇಕು, ಅಷ್ಟರಾಗ ಪ್ರದರ್ಶನ ಮುಗದಿರತೈತಿ."

ಮುಟ್ಟಬೇಡ ಎಂದದ್ದೇ ತಡ, ಶೇಖಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೊಳೆದಂಡೆಗೆಂದು ಹೊರಟ, ಅರ್ಧ ದಾರಿಗೇ ತಿರುಗಿ ಬಂದ. ಜ್ಯೋತಿಬಾ ಬೇಕೆಂದೇ ಕಿಟಕಿಗೆ ಹೊಸ ಪರದೆ ಕಟ್ಟಿ, "ಕಾಕಾ, ನಿನ್ನ ಚಾಳ ಹಳೇದಾತಲ್ಲೋ" ಎಂದು ಕಾಡಿದ. ಶೇಖಪ್ಪ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಂಗಳ ಸುತ್ತಿದ.

ಭಾನುವಾರ ಸಂಜೆ ಲಕ್ಷ್ಮಿ ಬಂದಳು, ಕೈಹಿಡಿದು ನಡೆಯುವ ಮಗನೊಂದಿಗೆ. ಮೇಜಿನ ಚಾಳ ಊರು ಬಿಡುತ್ತಿದೆ, ಒಮ್ಮೆ ನೋಡಿ ಹೋಗು ಎಂದು ಸಿದ್ದಕ್ಕ ಕದ್ದು ಫೋನು ಮಾಡಿದ್ದಳು. ಲಕ್ಷ್ಮಿ ಅಪ್ಪನನ್ನು ಮಾತಾಡಿಸಲಿಲ್ಲ. ಮೇಜಿನ ಮುಂದೆ ನಿಂತು ತಮ್ಮ ಮನೆಯ ಹೊಸ್ತಿಲನ್ನೇ ನೋಡಿದಳು. ಆಮೇಲೆ, "ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೋಗ್ತೇನವ್ವಾ" ಎನ್ನುತ್ತ ಮಗನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು.

ಶೇಖಪ್ಪ ಬಾಗಿಲಿಗೆ ಬಂದ. ಹೊರಗೆ ಅವಳ ಚಪ್ಪಲಿ, ಪಕ್ಕದಲ್ಲಿ ಅಂಗೈಯಗಲದ ಇನ್ನೊಂದು ಜೋಡಿ. ಅವನು ಬಗ್ಗಿ ಆ ಪುಟ್ಟ ಜೋಡಿಯನ್ನು ಬೆರಳಲ್ಲಿ ಅಳೆದ. ಒಳಗೆ ಬಂದು ಕಪಾಟಿನ ಮೇಲಿದ್ದ ಹಳೇ ಸುಣ್ಣದ ಡಬ್ಬಿ ತೆರೆದ. ನಾಲ್ಕು ವರ್ಷದ ಹಿಂದೆ ಕಿತ್ತಿದ್ದ ಜೋಡಿ ಅದರಲ್ಲೇ ಇತ್ತು. ಅದನ್ನು ರಟ್ಟಿನ ಹೊಸ್ತಿಲ ಮುಂದೆ ಅಂಟಿಸಿ, ಟ್ಯೂಬಿನ ಚೂರೊಂದನ್ನು ಹುಡುಕಿ ಇನ್ನೂ ಸಣ್ಣದೊಂದು ಜೋಡಿ ಕತ್ತರಿಸಿ ಪಕ್ಕಕ್ಕೆ ಅಂಟಿಸಿದ.

ಬೆಳಿಗ್ಗೆ ಮೊದಲನೇ ಬಸ್ಸು ಹೋಯಿತು, ಲಕ್ಷ್ಮಿ ಹೋಗಲಿಲ್ಲ. ಕಿರಣಕುಮಾರ ಫೋಟೋ ಹಿಡಿದು ಮೇಜಿನ ಮೇಲೆ ಒಂದೊಂದೇ ಮನೆ ನೋಡುತ್ತ ಬಂದವನು ಶೇಖಪ್ಪನ ಹೊಸ್ತಿಲಲ್ಲಿ ನಿಂತ.

"ಇಲ್ಲಿ ಎರಡ ಜೋಡಿ ಇದ್ದುವಲ್ರೀ ಕಾಕಾ. ಹೊಸಾವು ತಗದಬಿಡ್ರಿ, ನಾ ನೋಡಿಲ್ಲ ಅಂತೇನಿ."

ಶೇಖಪ್ಪ ಆಸೆಯಿಂದ ಹೊರಗಿನ ಗಾಡಿಯನ್ನೊಮ್ಮೆ ನೋಡಿದ. ಕೈಗಳು ಮಾತ್ರ ತೊಡೆಯ ಮೇಲಿಂದ ಏಳಲಿಲ್ಲ.

"ತಗಿಯಾಕ ಬರೂದಿಲ್ಲ ತಮ್ಮಾ. ಒಳಗ ಮಂದಿ ಅದಾರ."

ಗಾಡಿ ಖಾಲಿ ತಿರುಗಿತು. ಶೇಖಪ್ಪನಿಗೆ ಸಂಕಟವಾಗಲಿಲ್ಲ ಅಂದರೆ ಸುಳ್ಳಾದೀತು. ಸಿದ್ದಕ್ಕ ಅಡುಗೆಮನೆಯಿಂದ ಒಂದು ಬಟ್ಟೆ ತಂದು ಮೇಜಿನ ಧೂಳು ಒರೆಸತೊಡಗಿದಳು.