ವೈಶಾಲಿಯ ಮೊದಲ ಹಾಲು

ವೈಶಾಲಿ ತೀರಿಕೊಂಡು ಎರಡು ತಿಂಗಳಾಯಿತು. ಕಾಮಾಲೆ ಅಂದರು, ಆಮೇಲೆ ಲಿವರ್ ಅಂದರು. ನಾನು ಬನಹಟ್ಟಿಯಿಂದ ಹಿಪ್ಪರಗಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಕೊನೆಯ ಮುಖ ನೋಡಲಾಗಲಿಲ್ಲ. ಹಾಗಾಗಿ ಅವಳನ್ನು ನೆನೆದರೆ ಕಣ್ಣಿಗೆ ಬರುವುದು ಜಮಖಂಡಿಯ ಆಸ್ಪತ್ರೆಯಲ್ಲಿ, ಹೆರಿಗೆಯಾದ ಮಧ್ಯಾಹ್ನ ಕಂಡ ಮುಖ. ಬೆವರಿತ್ತು, ಸಿಟ್ಟಾಗಿತ್ತು.

ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನಾನು ನೇಕಾರರ ಮಗಳು, ಅವಳು ಕುರಿ ಕಾಯುವವರ ಮನೆಯವಳು. ರಜೆ ಬಂತೆಂದರೆ ಹಿಂಡಿನ ಹಿಂದೆ ಹೊರಟುಬಿಡುವಳು. ನನ್ನಿಂದ ಒಯ್ದ ಕಾದಂಬರಿಗಳು ಉಣ್ಣೆಯ ವಾಸನೆ ಹೊತ್ತು ಮರಳಿ ಬರುತ್ತಿದ್ದವು. ಲಗ್ನವಾಗಿ ಹಿಪ್ಪರಗಿಗೆ ಹೋದದ್ದೂ ಕುರಿ ಇರುವ ಮನೆಗೇ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡಿದ್ದರಿಂದ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಲಿಲ್ಲ. ಅತ್ತೆ ಲಗಮವ್ವನೇ ಆಸ್ಪತ್ರೆಯಲ್ಲಿ ಜೊತೆಗಿದ್ದಳು.

ನಾನು ಹೋದಾಗ ಹೆಣ್ಣು ಕೂಸು ಹುಟ್ಟಿ ಸ್ವಲ್ಪ ಹೊತ್ತಾಗಿತ್ತು. "ಎದಿಗಿ ಹಾಕ್ಕೋರಿ" ಎಂದು ಹೇಳಿ ಸಿಸ್ಟರ್ ಮುಂದಿನ ಮಂಚಕ್ಕೆ ಹೋಗಿದ್ದಳು. ಲಗಮವ್ವನ ಲೆಕ್ಕ ಬೇರೆ. ಮೊದಲ ಹಾಲನ್ನು ಹಿಂಡಿ ಚೆಲ್ಲಬೇಕು, ಅಲ್ಲಿಯವರೆಗೆ ಕೂಸಿಗೆ ಸಕ್ಕರೆ ನೀರು. ತನ್ನ ಮಕ್ಕಳಿಗೆಲ್ಲ ಅವಳು ಮಾಡಿದ್ದು ಹಾಗೆಯೇ.

"ಹಳದಿ ಹಾಲ ಬೇ ಅದು. ಕೂಸಿನ ಹೊಟ್ಟಿ ಕೆಡ್ತೈತಿ. ಮೂರ ದಿನ ತಡಿ."

"ಅತ್ತಿ, ಕುರಿ ಈದ ಕೂಡ್ಲೆ ಏನ್ ಮಾಡ್ತೀರಿ?" ವೈಶಾಲಿ ಕೇಳಿದಳು.

"ಮರಿನ ಮಲಿಗಿ ಹಚ್ಚತೇನಿ. ಇನ್ನೇನ, ಆರತಿ ಎತ್ಲಿ?"

"ಗಿಣ್ಣದ ಹಾಲ ಚೆಲ್ಲಂಗಿಲ್ಲರಿ?"

"ಹುಚ್ಚಿ! ಗಿಣ್ಣ ಕುಡೀದ ಮರಿ ಬದಕತೈತೇನ?"

ಅಂದುಬಿಟ್ಟು ಲಗಮವ್ವ ನಾಲಿಗೆ ಕಚ್ಚಿಕೊಂಡಳು. ಪಕ್ಕದ ಮಂಚದ ಬಾಣಂತಿ ಸೆರಗಿನೊಳಗೆ ನಕ್ಕಳು.

"ಅದು ಕುರಿ. ನೀ ಏನ ಕುರಿ ಏನ?"

"ಇವತ್ತೊಂದಿನ ಕುರಿನ ಅಂತ ತಿಳೀರಿ."

ಮಾತಿನಲ್ಲಿ ವೈಶಾಲಿ ಗೆದ್ದಳು. ಆದರೆ ಕೂಸು ಮೊಲೆ ಹಿಡಿಯಲಿಲ್ಲ. ಬಾಯಿ ಹಚ್ಚುವುದು, ಜಾರುವುದು, ಚೀರುವುದು. ಎಷ್ಟೋ ಮರಿಗಳನ್ನು ತಾಯಿಗೆ ಹಚ್ಚಿದ ಕೈ ತನ್ನ ಮಗುವಿನ ತಲೆ ಹಿಡಿಯಲು ಹೆದರುತ್ತಿತ್ತು. ಬರಬರುತ್ತ ಕೂಸಿನ ಅಳು ಸಣ್ಣದಾಯಿತು, ಅದೇ ಹೆಚ್ಚು ಭಯ ತಂದಿತು. ಸಿಸ್ಟರ್ ಎಲ್ಲೂ ಕಾಣಲಿಲ್ಲ. ನನಗೆ ಏನೂ ತಿಳಿಯದು.

"ಆಗವಲ್ತು ಲೇ ಶ್ರೀದೇವಿ" ಅಂದಳು ನನಗೆ. ಆಮೇಲೆ ಅತ್ತೆಯ ಕಡೆ ನೋಡದೆ, "ಕೊಡ್ರಿ ಅತ್ತಿ, ನಿಮ್ಮ ಸಕ್ರಿ ನೀರ ಕೊಡ್ರಿ."

ಲಗಮವ್ವ ಬಟ್ಟಲು ಎತ್ತಿಕೊಂಡಳು. ಕೂಸನ್ನು ನೋಡಿದಳು, ಸೊಸೆಯನ್ನು ನೋಡಿದಳು. ಬಟ್ಟಲನ್ನು ಮತ್ತೆ ಕೆಳಗಿಟ್ಟಳು.

"ಮರಿ ಹಿಡಿಯೂ ರೀತಿ ಏನ ಇದು? ಹಿಂಡಿನಾಗ ಬೆಳದಾಕಿ ಅಂತ! ಭುಜ ಸಡ್ಲ ಬಿಡು. ತಾಯಿ ಬಿಗದ ನಿಂತ್ರ ಮರಿ ಬಾಯಿ ಹಾಕಂಗಿಲ್ಲ."

ಬೈಯುತ್ತಲೇ ಸೊಸೆಯ ಬೆನ್ನಿಗೆ ದಿಂಬು ಒತ್ತಿದಳು. ಕೂಸಿನ ಹೊಟ್ಟೆಯನ್ನು ತಾಯಿಯ ಹೊಟ್ಟೆಗೆ ತಿರುಗಿಸಿ ಹತ್ತಿರ ಎಳೆದಳು. ಮೊಲೆಯನ್ನು ಮೆಲ್ಲಗೆ ಒತ್ತಿ, ಬಂದ ಹಳದಿ ಹನಿಯನ್ನು ಬೆರಳಿನಿಂದ ಕೂಸಿನ ತುಟಿಗೆ ಸವರಿದಳು. ನಾಲಿಗೆ ಹೊರಬಂತು. ಇನ್ನೊಂದು ಹನಿ. ಬಾಯಿ ಅಗಲವಾದದ್ದೇ ತಡ, ತಲೆಯನ್ನು ಎದೆಗೆ ಒತ್ತಿದಳು.

ವೈಶಾಲಿ ಹಲ್ಲು ಕಚ್ಚಿದಳು.

"ನೋವ ಏನ?"

"ಹೂಂ ರಿ."

"ಕುಂದ್ರು, ಅಲುಗ್ಯಾಡಬ್ಯಾಡ."

ಕೂಸಿನ ಗಂಟಲು ಅಲುಗಿತು. ಸ್ವಲ್ಪ ತಡೆದು ಮತ್ತೊಮ್ಮೆ. "ಕುಡ್ಯಾಕತ್ತೈತಿ" ಅಂದಳು ವೈಶಾಲಿ, ಜೋರಾಗಿ ಅಂದರೆ ಎಲ್ಲಿ ಬಿಟ್ಟೀತೋ ಎಂಬ ದನಿಯಲ್ಲಿ. ಲಗಮವ್ವ ಕೂಸು ತಾನಾಗಿ ಬಿಡುವವರೆಗೂ ಅದರ ತಲೆಯ ಕೆಳಗಿನ ಕೈ ತೆಗೆಯಲಿಲ್ಲ.

ಆಮೇಲೆ ಅತ್ತೆ ಸೊಸೆ ಬೇಕಾದಷ್ಟು ಜಗಳಾಡಿದರು. ಆದರೂ ಕೂಸಿಗೆ ಎರಡು ವರ್ಷ ದಾಟುವವರೆಗೆ ವೈಶಾಲಿ ಹಾಲು ಬಿಡಿಸಲಿಲ್ಲ. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನ ಗದ್ದಲದಲ್ಲೂ ಕುಡಿಸುತ್ತ ನನ್ನೊಂದಿಗೆ ಹರಟುತ್ತಿದ್ದಳು.

ಮೊನ್ನೆ ಹಿಪ್ಪರಗಿಗೆ ಹೋಗಿದ್ದೆ. ನಾಲ್ಕು ವರ್ಷದ ಹುಡುಗಿ ಅಂಗಳದಲ್ಲಿ ಆಡುತ್ತಿದ್ದಳು. ನಾನು ಏಳುವಾಗ ಲಗಮವ್ವ ಮೊಮ್ಮಗಳ ಕಡೆ ನೋಡುತ್ತ ಅಂದಳು:

"ಅವ್ವನ ಹಾಲ ಹೊಟ್ಟಿ ತುಂಬ ಕುಡದೈತಿ, ಯವ್ವಾ. ಅಷ್ಟರೆ ಆತು."