ಗೌರಿ ಹೊಲಿದ ಖಾಲಿ ಮುಖ

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದೆ, ಹಾಲು ಕಾಸಿದೆ, ಅಂಗಡಿಯ ಗಲ್ಲಾಪೆಟ್ಟಿಗೆ ಒರೆಸಿದೆ, ಮೊಮ್ಮಗಳ ತಲೆ ಬಾಚಿದೆ. ಇನ್ನು ಹೇಳಬೇಕಾದದ್ದು — ನನ್ನ ಮಗಳು ಗೌರಿ ದಡ್ಡಿಯಲ್ಲ. ಆಕೆಯನ್ನು ದಡ್ಡಿಯೆಂದು ನಂಬಿಸಿದವಳು ನಾನು, ಹೆತ್ತವಳು.

ಕಮಲಾಪುರದ ನಮ್ಮ ಅಂಗನವಾಡಿಯಲ್ಲಿ ತಾಯಂದಿರಿಗೆ, ಅಜ್ಜಿಯರಿಗೆ ಒಂದು ಕೆಲಸ ಕೊಟ್ಟಿದ್ದರು: ಹಳೆ ಸೀರೆಯ ತುಂಡುಗಳನ್ನು ಕೌದಿಯಂತೆ ಹೊಲಿದು, ನಿಮ್ಮ ಬದುಕಿನ ಚಿತ್ರಪುಸ್ತಕ ಮಾಡಿ, ಮಕ್ಕಳಿಗೆ ಓದಿ ಹೇಳಿ. ಅಳಿಯ ಸಂಡೂರಿನ ಗಣಿಯಲ್ಲಿ ಕೆಲಸಕ್ಕಿರುವುದರಿಂದ ಗೌರಿ ನಮ್ಮೊಂದಿಗೇ ಇದ್ದಾಳೆ. ಆಕೆ ತನ್ನದನ್ನು ಹೊಲಿದಳು, ನಾನು ನನ್ನದನ್ನು. ನನ್ನದರಲ್ಲಿ ಅಂಗಡಿ, ಬಾಳೆತೋಟ, ಮಗನ ತೊಟ್ಟಿಲು — ಎಲ್ಲ ಇತ್ತು. ಇರಬೇಕಾದ ಪುಟವೊಂದು ಇರಲಿಲ್ಲ.

ಇಂದು ಗೌರಿ ಎಲ್ಲರೆದುರು ಓದಿದಳು. ಒಂದು ಪುಟದಲ್ಲಿ ಶಾಲೆಯ ಸಾಲಿನಲ್ಲಿ ನಿಂತ ಹುಡುಗಿಯರಿಗೆಲ್ಲ ಕಣ್ಣು, ಮೂಗು. ಕೊನೆಯವಳ ಮುಖ ಮಾತ್ರ ಬರೀ ಬಿಳಿ ಬಟ್ಟೆ.

“ಇದು ನಾನು. ತಲ್ಯಾಗ ಏನೂ ಇರ್ಲಿಲ್ಲ, ಅದಕ್ಕ ಖಾಲಿ ಬಿಟ್ಟೀನಿ.”

ಹೆಂಗಸರು ನಕ್ಕರು. “ಮಸ್ತ್ ಹೊಲದಿ ಬಿಡವಾ, ನಮ್ದೂ ಅಂಥದ ಖಾಲಿ ಮಾರಿ!” ಮೊಮ್ಮಗಳು ಚಪ್ಪಾಳೆ ತಟ್ಟಿದಳು: “ನಮ್ಮವ್ವ ದಡ್ಡಿ!”

ನನಗೆ ಮೈಯೆಲ್ಲ ಉರಿಯಿತು. ಉರಿದು ಬೀಳುವುದಾದರೂ ಯಾರ ಮೇಲೆ?

ಗೌರಿ ಏಳನೆಯ ತರಗತಿ ಮುಗಿಸಿದಾಗ ಮಾಸ್ತರರು ಅಂಗಡಿಗೇ ಬಂದಿದ್ದರು. “ಹುಡುಗಿ ಭಾಳ ಚುರುಕದಾಳ್ರಿ. ಹೊಸಪೇಟಿ ಹಾಸ್ಟೆಲ್ಲಿಗೆ ಕಳಸ್ರಿ, ಖರ್ಚೇನಿಲ್ಲ.” ಆಕೆಗೇ ಮನಸ್ಸಿಲ್ಲ ಎಂದು ಅವರನ್ನು ಸಾಗಹಾಕಿದೆ. ಒಳಗೆ ಹೋಗಿ ಆಕೆಗೆ —

“ನಿನ್ನ ತಲೀಗೆ ಓದು ಹತ್ತಂಗಿಲ್ಲಂತ. ಮಾಸ್ತರ ಹೇಳ್ಯಾರ.”

ಬಡತನವಿರಲಿಲ್ಲ. ತಡೆಯುವ ಅತ್ತೆಯೂ ಇರಲಿಲ್ಲ. ತೊಟ್ಟಿಲಲ್ಲಿ ಮಗನಿದ್ದ, ನಾನು ಅಂಗಡಿಯ ಗಲ್ಲಾದಲ್ಲಿ ಕೂರಬೇಕು, ಅವನನ್ನು ಆಡಿಸಲು ಒಂದು ಆಳು ಬೇಕು — ಅಷ್ಟೇ. ಕಳಿಸುವುದಿಲ್ಲ ಎಂದಿದ್ದರೆ ಆಕೆ ಅಳುತ್ತಿದ್ದಳು, ಹಟ ಹಿಡಿಯುತ್ತಿದ್ದಳು. ಹಟವೇ ಹುಟ್ಟದಂತೆ ಆ ಸುಳ್ಳು. ಎಂಥ ಜಾಣತನ! ಥೂ — ಆಳಿಗೂ ಯಾರೂ ಹಾಗೆ ಮಾಡುವುದಿಲ್ಲ.

ಮನೆಗೆ ಬಂದವಳೇ, ಮೊಮ್ಮಗಳೆದುರಿಗೇ ಎಲ್ಲ ಹೇಳಿದೆ. ಗೌರಿ ಕೈಲಿದ್ದ ಪುಸ್ತಕ ಕೆಳಗಿಟ್ಟಳು.

“ಆ ಮಾತಿನ ಸಿಟ್ಟಿಗೆ, ಮಾಸ್ತರ ಸತ್ತಾಗ ನಾ ಮಣ್ಣಿಗೂ ಹೋಗ್ಲಿಲ್ಲಲ್ಲ, ಅವ್ವಾ…”



ರಾತ್ರಿ ರೊಟ್ಟಿ, ಪುಂಡಿಪಲ್ಯ. ನಾನು ಬಡಿದ ರೊಟ್ಟಿಯನ್ನು ಗೌರಿ ಮುಟ್ಟಲಿಲ್ಲ. ತನಗೆ, ಮಗಳಿಗೆ ತಾನೇ ಬೇರೆ ರೊಟ್ಟಿ ಬಡಿದುಕೊಂಡಳು. ಮೊಮ್ಮಗಳು ಉಂಡು ಮಲಗಿದಳು; ನಾವಿಬ್ಬರೂ ಇನ್ನೂ ಎದ್ದೇ ಇದ್ದೇವೆ.